ಎರಡರ ಮಗ್ಗಿ ಮತ್ತು ಕಂಪ್ಯೂಟರಕ್ಕ

"ರೀ ಮಿಸ್ಟರ್! ಕೌಂಟರ್ ಕೆಳಗೆ ಏನ್ ಮಾಡ್ತಿದೀರಾ?"

ಬೆಳಗಿನ ಏಳು ಗಂಟೆ. ರಕ್ತ ಪರೀಕ್ಷೆಯ ಆ ದೊಡ್ಡ ಲ್ಯಾಬಿನ ಹಾಲ್ ತುಂಬ ಜನ, ಎಲ್ಲರದ್ದೂ ಖಾಲಿ ಹೊಟ್ಟೆ. ಹಸಿದ ಮನುಷ್ಯನ ತಾಳ್ಮೆ ಎಷ್ಟಿರುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ! ಅಂಥ ಹೊತ್ತಿನಲ್ಲಿ ಮೂರನೇ ಕೌಂಟರಿನ ಮೇಜಿನಡಿ ಯಾರೋ ಒಬ್ಬ ಕುಕ್ಕರಗಾಲಲ್ಲಿ ಕೂತು, ಕಂಪ್ಯೂಟರಿನ ಹಿಂಭಾಗಕ್ಕೆ ಕಿವಿಯಿಟ್ಟು ಕೈಗಡಿಯಾರ ನೋಡುತ್ತಿದ್ದ.

ಕೂಗಿದವಳು ಲ್ಯಾಬಿನಲ್ಲೇ ಕೆಲಸ ಮಾಡುವ ಹುಡುಗಿ. ಅವಳು ಬಗ್ಗಿ ಮತ್ತೆ ಕೂಗಿದಳು. "ಟೋಕನ್ ತಗೊಂಡ್ರಾ? ಹೋಗಿ ಕ್ಯೂನಲ್ಲಿ ನಿಂತ್ಕೊಳ್ಳಿ!"

"ನಂದು ತಿಂಡಿ ಆಗಿದೆ ಮೇಡಂ. ಈಗ ರಕ್ತ ಕೊಟ್ರೆ ಸಕ್ಕರೆ ಜಾಸ್ತಿ ತೋರ್ಸುತ್ತೆ."

ಕ್ಯೂನಲ್ಲಿದ್ದವರು ಗೊಳ್ಳೆಂದು ನಕ್ಕರು. ಅವನು ಗಾಬರಿಯಿಂದ ಎದ್ದ. ಎದ್ದವನ ತಲೆ ಮೇಜಿಗೆ ಠಣ್ ಎಂದು ಬಡಿಯಿತು!

ಅವಳಿಗೆ ನಗು ಬಂದೇಬಿಟ್ಟಿತು. ಆದರೆ ನುಂಗಿಕೊಂಡಳು. ಕೋಪದಲ್ಲಿರುವಾಗ ನಕ್ಕರೆ ಕೋಪಕ್ಕೆ ಬೆಲೆ ಎಲ್ಲಿರುತ್ತದೆ?

"ಸರ್ವರ್ ಕಂಪನಿಯಿಂದ ಬಂದಿದೀನಿ," ತಲೆ ಉಜ್ಜಿಕೊಳ್ಳುತ್ತ ಅವನೆಂದ. "ಇಲ್ಲಿ ಕಂಪ್ಯೂಟರಕ್ಕ ಅಂತ ಒಬ್ಬರಿದಾರಂತೆ. ತುಂಬಾ ಜೋರಂತೆ. ಅವರನ್ನ ನೋಡೋಕೆ ಮುಂಚೆ ಇಲ್ಲಿನ ರಶ್ ನೋಡ್ಕೊಂಡ್ಬಿಡೋಣ ಅಂತ..."

"ರಶ್ ನೋಡಾಯ್ತಲ್ಲ? ಈಗ ಜೋರು ನೋಡಿ. ನಾನೇ ಅವಳು."

ಅವನು ಗಡಿಬಿಡಿಯಿಂದ ಅಂಗಿಯ ಧೂಳು ಕೊಡವಿಕೊಂಡ.

"ನಿಮ್ಗೆ ಬರೋಕೆ ಹೇಳಿದ್ದು ಹನ್ನೊಂದಕ್ಕೆ!"

"ಹನ್ನೊಂದಕ್ಕೆ ಬಂದ್ರೆ ಈ ಲ್ಯಾಬ್ ಎಲ್ಲಿ ಕಾಣುತ್ತೆ ಮೇಡಂ? ಆಗ ಎಲ್ರೂ ನೊಣ ಹೊಡ್ಕೊಂಡು ಕೂತಿರ್ತಾರೆ. ನಿಮ್ಮ ಮೆಷಿನ್ ಬದುಕೋದು ಸಾಯೋದು ಎಲ್ಲಾ ಏಳರಿಂದ ಒಂಬತ್ತರೊಳಗೆ ತಾನೆ?"

*ಅಬ್ಬಾ... ಇವನಿಗೆ ತಲೆ ಇದೆ. ಈಗಷ್ಟೇ ಏಟು ತಿಂದ್ರೂ ಕೆಲಸ ಮಾಡ್ತಿದೆ!*

ಇಷ್ಟು ದಿನ ಬಂದ ಮಾರಾಟಗಾರರೆಲ್ಲ ಬಿಡುವಿನ ಹೊತ್ತಿನಲ್ಲಿ ಬಂದು ಕಾಫಿ ಕುಡಿದು ಬಣ್ಣದ ಚಿತ್ರ ತೋರಿಸಿ ಹೋಗಿದ್ದರು. ಹಸಿದವರ ನಡುವೆ ಬಂದು ಕೂತವನು ಇವನೊಬ್ಬನೇ.

*

ವಿಷಯ ಇಷ್ಟು.

ಲ್ಯಾಬಿನ ಮೇಜುಗಳ ಮೇಲಿದ್ದ ಹಳೆಯ ಕಂಪ್ಯೂಟರುಗಳೆಲ್ಲ ಕೆಮ್ಮುತ್ತ ಕ್ಯಾಕರಿಸುತ್ತ ಕೊನೆಯ ದಿನ ಎಣಿಸುತ್ತಿದ್ದವು. ಅವನ್ನೆಲ್ಲ ತೆಗೆದು, ಪ್ರತಿ ಮೇಜಿಗೂ ಅಂಗೈಯಗಲದ ಒಂದು ಪುಟ್ಟ ಡಬ್ಬಿ ಇಡುವುದು ಅವಳ ಯೋಜನೆ. ಡಬ್ಬಿಗೆ ಸ್ವಂತ ಬುದ್ಧಿ ಇಲ್ಲ, ನೆನಪೂ ಇಲ್ಲ. ಅದು ಪರದೆ ತೋರಿಸುತ್ತದೆ, ಅಷ್ಟೇ. ಎಲ್ಲರ ಕೆಲಸವೂ ನಡೆಯುವುದು ಒಳಕೋಣೆಯ ಸರ್ವರಿನಲ್ಲಿ. ಹಾಗಾಗಿ ಸರ್ವರ್ ಗಟ್ಟಿಯಾಗಿದ್ದರೆ ಲ್ಯಾಬ್ ಗಟ್ಟಿ. ಅದು ಮಲಗಿದರೆ ಇಡೀ ಲ್ಯಾಬ್ ಮಲಗಿತು!

ಲ್ಯಾಬಿನ ಒಡತಿ, ಎಲ್ಲರ ಬಾಯಲ್ಲೂ ಡಾಕ್ಟರಮ್ಮ, ಒಪ್ಪಿಗೆ ಕೊಡುವಾಗಲೇ ಕಡ್ಡಿ ಮುರಿದಂತೆ ಹೇಳಿದ್ದರು.

"ಆಯ್ಕೆ ನಿಂದು, ಜವಾಬ್ದಾರಿನೂ ನಿಂದೇ. ಹೊಸ ಮೆಷಿನ್ ನನ್ನ ಒಂದು ಬೆಳಗ್ಗೆ ಹಾಳು ಮಾಡಿದ್ರೂ ಕಂಪ್ಯೂಟರ್ ವಿಭಾಗ ಮುಚ್ಚಿ ಹೊರಗಿನೋರಿಗೆ ವಹಿಸ್ತೀನಿ. ಆಮೇಲೆ ಬೇಜಾರು ಮಾಡ್ಕೋಬಾರ್ದು."

"ಹಾಳಾಗಲ್ಲ ಡಾಕ್ಟರಮ್ಮ," ಎಂದಿದ್ದಳು ಅವಳು. ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. ಆ ವಿಭಾಗವನ್ನು ಒಂದು ಮುರುಕು ಮೇಜಿನಿಂದ ಕಟ್ಟಿ ಬೆಳೆಸಿದವಳು ಅವಳು. ಅವಳನ್ನು ನಂಬಿಕೊಂಡು ಇಬ್ಬರು ಸಹಾಯಕಿಯರಿದ್ದರು. ಅದನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ.

ಒಳಕೋಣೆಯಲ್ಲಿ ಕೂತು ಅವಳು ತನ್ನ ಆಯ್ಕೆ ಹೇಳಿದಳು. "ಒಂದೇ ಒಂದು. ಸಿಗೋದ್ರಲ್ಲೇ ದೊಡ್ಡದು. ಆನೆ ಥರಾ ಇರ್ಬೇಕು."

"ಎರಡು ಮೇಡಂ," ಎಂದ ಅವನು.

"ಒಂದಕ್ಕೆ ಎರಡು ಮಾರೋ ಉಪಾಯಾನಾ?"

"ಅಲ್ಲ. ಆನೆ ಬೇಡ, ಎರಡು ಎತ್ತು ಸಾಕು. ಆದ್ರೆ ಒಂದೊಂದಕ್ಕೂ ಇಡೀ ಗಾಡಿ ಎಳೆಯೋ ಶಕ್ತಿ ಇರ್ಬೇಕು. ದಿನಾ ಹಂಚ್ಕೊಂಡು ಎಳೀತವೆ. ಒಂದು ಕೈಕೊಟ್ರೆ ಇನ್ನೊಂದು ನಿಭಾಯಿಸುತ್ತೆ. ನಿಮ್ಮ ಆನೆ ಒಂದಿನ ಮಂಡಿಯೂರಿದ್ರೆ ಯಾರು ಎತ್ತುತಾರೆ?"

ಅವಳು ಸುಮ್ಮನಾಗಲಿಲ್ಲ. ಪ್ರೊಸೆಸರ್ ಎಷ್ಟು ವೇಗ, ಏಳು ಗಂಟೆಗೆ ಎಲ್ಲರೂ ಒಟ್ಟಿಗೇ ಒಳಬಂದಾಗ ಡಿಸ್ಕ್ ಎಷ್ಟು ನೂಕುನುಗ್ಗಲು ತಡೆಯುತ್ತದೆ, ವಿದ್ಯುತ್ತಿಗೆ ಬೇರೆ ಬೇರೆ ದಾರಿ ಇದೆಯೇ... ಕೆದಕಿ ಕೆದಕಿ ಕೇಳಿದಳು. ಅವನು ಒಂದಕ್ಕೂ ತಡವರಿಸಲಿಲ್ಲ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ನೋಡಿ ಹೇಳ್ತೀನಿ" ಎಂದ. ಅದೊಂದು ಮಾತು ಅವಳಿಗೆ ಉಳಿದ ಎಲ್ಲ ಉತ್ತರಗಳಿಗಿಂತ ಹಿಡಿಸಿತು.

ಕೊನೆಗೆ ಎರಡಕ್ಕೆ ಒಪ್ಪಿದಳು. ಆದರೆ ತನ್ನದೊಂದು ಷರತ್ತು ಹಾಕಿದಳು. "ಮೆಮೊರಿ ಕೂರಿಸೋ ಜಾಗ ಇದೆಯಲ್ಲ, ಅದ್ರಲ್ಲಿ ಅರ್ಧ ಖಾಲಿ ಬಿಡ್ಬೇಕು."

"ಖಾಲಿ ಜಾಗ ಯಾಕೆ? ಲೆಕ್ಕದ ಪ್ರಕಾರ ಬೇಕಾಗಲ್ವಲ್ಲ."

"ಲೆಕ್ಕ ಇವತ್ತಿಂದು. ನಾಳೆ ಯಾರು ಬರ್ತಾರೋ ಯಾರಿಗೆ ಗೊತ್ತು?"

ಅವನು ಅವಳನ್ನೇ ನೋಡಿದ. "ಹೌದು... ಯಾರಿಗೆ ಗೊತ್ತು!" ಎಂದ.

ಬರೆದುಕೊಳ್ಳಲು ಅವಳ ಪೆನ್ನು ಮೂಡಲಿಲ್ಲ. ಅವನ ಜೇಬಿನಲ್ಲಿ ಒಂದೇ ಥರದ ಎರಡು ನೀಲಿ ಪೆನ್ನುಗಳಿದ್ದವು. ಒಂದನ್ನು ತೆಗೆದು ಕೊಟ್ಟ.

ಬರುಬರುತ್ತ ಗೊತ್ತಾಯಿತು, ಈ ಮಹಾಶಯನ ಬ್ಯಾಗಿನಲ್ಲಿ ಎಲ್ಲವೂ ಎರಡೆರಡು! ಎರಡು ಚಾರ್ಜರ್, ಎರಡು ಸ್ಕ್ರೂಡ್ರೈವರ್, ಎರಡು ಕೊಡೆ. ಸಹಾಯಕಿಯರು ಅವನಿಗೆ 'ಎರಡರ ಮಗ್ಗಿ' ಎಂದು ಹೆಸರಿಟ್ಟರು.

"ಯಾಕ್ರೀ ಎಲ್ಲಾ ಎರಡೆರಡು?" ಒಂದು ದಿನ ಕಾಫಿ ಕುಡಿಯುವಾಗ ಅವಳು ಕೇಳಿಯೇಬಿಟ್ಟಳು.

"ಅಮ್ಮ ಸ್ಕೂಲಿಗೆ ಕಳಿಸುವಾಗ ಎರಡು ಪೆನ್ಸಿಲ್ ಕೊಡ್ತಿದ್ರು. ಒಂದು ನನಗೆ. ಇನ್ನೊಂದು, ಮರೆತು ಬಂದವರಿಗೆ."

ಅವಳು ಲೋಟದಿಂದ ತಲೆ ಎತ್ತಲಿಲ್ಲ. ಎತ್ತಿದ್ದರೆ ಕಣ್ಣು ಎಲ್ಲ ಹೇಳಿಬಿಡುತ್ತಿತ್ತು. ಅವನ ನೀಲಿ ಪೆನ್ನು ಇನ್ನೂ ಅವಳ ಬಳಿಯೇ ಇತ್ತು. ಹಿಂದಿರುಗಿಸಲು ಮರೆತಿರಲಿಲ್ಲ, ಮನಸ್ಸಾಗಿರಲಿಲ್ಲ.

*

ಎರಡು ಸರ್ವರುಗಳೂ ಮೇಜಿನ ಡಬ್ಬಿಗಳೂ ಬಂದು ಕೂತವು. ಅವುಗಳ ಪರೀಕ್ಷೆಯ ದಿನ ಬಂತು.

ಬೇಕೆಂದೇ ಒಂದು ಸರ್ವರ್ ಬಂದ್ ಮಾಡಿಟ್ಟು, ಇಡೀ ಲ್ಯಾಬನ್ನು ಇನ್ನೊಂದರ ಮೇಲೆ ನಡೆಸಿ ತೋರಿಸಬೇಕಿತ್ತು. ಏಳಕ್ಕೆ ಎಲ್ಲರೂ ಒಟ್ಟಿಗೇ ಒಳಬಂದರು. ಮೆಷಿನ್ ಜಗ್ಗಲಿಲ್ಲ. ಅವಳು ಅವನತ್ತ ನೋಡಿದಳು, ಅವನು ಹುಬ್ಬು ಹಾರಿಸಿದ.

ಆದರೆ ಎಂಟರ ನಂತರ ಪರದೆಗಳು ನಿಧಾನವಾದವು. ಮತ್ತೂ ನಿಧಾನವಾದವು. ಆಮೇಲೆ ಒಂದೊಂದಾಗಿ ಕಲ್ಲಿನಂತೆ ನಿಂತುಬಿಟ್ಟವು!

"ಏನಮ್ಮಾ, ನಮ್ಮನ್ನ ಉಪವಾಸ ಕೆಡವಿ ಸಾಯಿಸ್ತೀರಾ?" ಕ್ಯೂನಿಂದ ಒಬ್ಬರು ಅಬ್ಬರಿಸಿದರು. ಇನ್ನೊಬ್ಬರು ಟೋಕನ್ ಹರಿದು ಎಸೆದರು. ಅವಳು ಓಡಿಹೋಗಿ ಎರಡನೇ ಸರ್ವರ್ ಹಚ್ಚಿದಳು, ಹಾಲ್ ಮತ್ತೆ ಉಸಿರಾಡಿತು. ಆದರೆ ಮಾನ ಹೋಗಿಯಾಗಿತ್ತು.

ಡಾಕ್ಟರಮ್ಮನ ಕೋಣೆಯಲ್ಲಿ ಇಬ್ಬರೂ ಅಕ್ಕಪಕ್ಕ ನಿಂತರು.

"ಯಾರ ತಪ್ಪು?"

ಅವಳು ಬಾಯಿ ತೆರೆಯುವ ಮೊದಲೇ ಅವನೆಂದ, "ನಂದು. ಮೆಷಿನ್ ಆಯ್ಕೆ ಮಾಡಿದ್ದು ನನ್ನ ಮಾತಿನ ಮೇಲೆ. ಇವರ ವಿಭಾಗದ್ದು ಇದ್ರಲ್ಲಿ ಏನೂ ಇಲ್ಲ."

ಅವಳು ಗಕ್ಕನೆ ಅವನತ್ತ ತಿರುಗಿದಳು. *ಇವನ ಮಾತಿನ ಮೇಲಾ? ಅಂದ್ರೆ... ಸಾಲಲ್ಲ ಅಂತ ಗೊತ್ತಿದ್ದೂ ಕೊಟ್ಟನಾ?*

ಮೆಟ್ಟಿಲ ಬಳಿ ಅಡ್ಡಗಟ್ಟಿ ಕೇಳಿದಳು. "ನಿಮ್ಗೆ ಮೊದಲೇ ಗೊತ್ತಿತ್ತಾ? ಹೇಳಿ!"

ಅವನು ಮಾತಾಡಲಿಲ್ಲ.

ಓದುಗರೇ, ಅವನ ಮನಸ್ಸಿನಲ್ಲಿದ್ದುದು ನನಗೆ ಗೊತ್ತು. ಯಾಕೆ ಹೀಗಾಯಿತೆಂದು ಅವನಿಗೂ ತಿಳಿದಿರಲಿಲ್ಲ. ಆದರೆ ಗೊತ್ತಿಲ್ಲ ಎಂದುಬಿಟ್ಟರೆ ಈ ಹುಡುಗಿ ನೇರವಾಗಿ ಡಾಕ್ಟರಮ್ಮನ ಬಳಿ ಹೋಗಿ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳುತ್ತಾಳೆ, ವಿಭಾಗ ಹೋಗುತ್ತದೆ. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡ. ಒಳ್ಳೆಯ ಮನಸ್ಸು, ದಡ್ಡ ಕೆಲಸ!

"ಮೌನಂ ಸಮ್ಮತಿ ಲಕ್ಷಣಂ ಅಲ್ವಾ?" ಅವಳ ಕಣ್ಣು ತುಂಬಿತು, ದನಿ ಮಾತ್ರ ಗಟ್ಟಿಯಾಗಿತ್ತು. "ಇಲ್ಲಿಗೆ ಬಂದವರಲ್ಲಿ ನಿಮ್ಮೊಬ್ಬರನ್ನೇ ನಂಬಿದ್ದೆ. ನಾನು ಸುಲಭಕ್ಕೆ ನಂಬೋಳಲ್ಲ. ಹೋಗಿ, ಇನ್ನು ಇಲ್ಲಿ ನಿಮ್ಗೆ ಕೆಲಸ ಇಲ್ಲ."

ಅವನು ಬ್ಯಾಗು ಹೆಗಲಿಗೇರಿಸಿ ಹೊರಟ. ಮೊದಲ ಮೆಟ್ಟಿಲ ಮೇಲೆ ತಿರುಗಿ ನಿಂತು, "ಆ ಖಾಲಿ ಜಾಗ ಬಿಡಿಸಿದ್ರಲ್ಲ... ಒಳ್ಳೇದಾಯ್ತು," ಎಂದಷ್ಟೇ ಹೇಳಿ ಇಳಿದುಹೋದ.

*

ಸಂಜೆ ಮನೆಗೆ ಬಂದವಳು ಮುಖ ಊದಿಸಿಕೊಂಡು ಸೋಫಾ ಮೇಲೆ ಕೂತಳು.

"ಏನೇ, ಆ ಸರ್ವರ್ ಹುಡುಗ ಬೈದನಾ?" ಅಡುಗೆಮನೆಯಿಂದ ಅಮ್ಮ ಕೇಳಿದಳು. ಸರ್ವರ್ ಎಂದರೆ ಹೋಟೆಲಿನವನಲ್ಲ ಎಂದು ಅಮ್ಮನಿಗೆ ತಿಳಿಸಿಕೊಡುವುದಕ್ಕೇ ಒಂದು ವಾರ ಹಿಡಿದಿತ್ತು.

"ಅವನ ಹೆಸರು ಎತ್ಬೇಡಮ್ಮ!"

ಅತ್ತಿಗೆ ಪಕ್ಕದಲ್ಲಿ ಕೂತು ಭುಜ ತಟ್ಟಿದಳು. "ಎತ್ಬೇಡ ಅಂದ್ರೆ ವಿಷಯ ದೊಡ್ಡದೇ ಇದೆ. ಕೋಪ ಅವನ ಮೆಷಿನ್ ಮೇಲೋ, ಅವನ ಮೇಲೋ?"

"ಎರಡರ ಮೇಲೂ!"

"ಅವನ ಜೊತೆ ಸೇರಿ ನೀನೂ ಎರಡು ಎರಡು ಅಂತಿದೀಯಲ್ಲೇ," ಅತ್ತಿಗೆ ಕಿಸಕ್ಕೆಂದಳು.

ಅವಳು ನಗಲಿಲ್ಲ. ಎದ್ದು ಕೋಣೆಗೆ ಹೋದಳು. ಕೋಣೆಯಲ್ಲಿ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಪಡಸಾಲೆಯಲ್ಲೂ ಅದೇ, ಬಚ್ಚಲಲ್ಲೂ ಅದೇ. ಎಲ್ಲೂ ಒಂದು ನರಪಿಳ್ಳೆ ಇಲ್ಲ.

"ಅಮ್ಮಾ! ಎಲ್ಲಾ ಕಡೆ ಯಾಕೆ ಹಚ್ಚಿ ಬಿಟ್ಟಿದೀಯ? ಆರಿಸಿ ಬರೋಕೇನು?"

"ಕೈಯೆಲ್ಲ ಹಿಟ್ಟಾಗಿದೆ ಕಣೇ!" ಅಮ್ಮ ಎರಡೂ ಕೈ ಎತ್ತಿ ತೋರಿಸಿದಳು. "ಒಳಗೆ ಬರುವಾಗ ಮೊಣಕೈಲಿ ಹಚ್ಬಹುದು, ಹೋಗುವಾಗ ಎಲ್ಲಿ ನೆನಪಿರುತ್ತೆ? ಈ ಕೈಲಿ ಸ್ವಿಚ್ ಹೇಗೆ ಮುಟ್ಲಿ?"

ಅವಳು ಅಲ್ಲೇ ನಿಂತುಬಿಟ್ಟಳು.

ಮುಟ್ಟಲಾಗದ ಕೈ... ಕೈಗವಸು!

*ಅಯ್ಯೋ ದೇವರೇ. ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲಾ ಹುಡುಕಿದ್ನಲ್ಲ!*

ಲ್ಯಾಬಿನಲ್ಲಿ ಯಾರೂ ಒಂದೇ ಕಡೆ ಕೂರುವುದಿಲ್ಲ. ಮೊದಲು ಹೆಸರು ಬರೆಯುವ ಕೌಂಟರ್, ಆಮೇಲೆ ರಕ್ತ ತೆಗೆಯುವ ಕುರ್ಚಿ, ಆಮೇಲೆ ಪರೀಕ್ಷೆಯ ಮೇಜು. ರಕ್ತ ಮುಟ್ಟಿದ ಕೈಗವಸಿನಲ್ಲಿ ಕೀಲಿಮಣೆ ಮುಟ್ಟಬಾರದು ಎಂಬುದು ಅಲ್ಲಿಯ ಕಟ್ಟುನಿಟ್ಟು. ಹಾಗಾಗಿ ಎದ್ದು ಹೋಗುವಾಗ ಯಾರೂ ತಮ್ಮ ಪರದೆ ಮುಚ್ಚುವುದಿಲ್ಲ. ಇನ್ನೊಂದು ಮೇಜಿಗೆ ಹೋದಾಗ ಕೈಗವಸು ಕಳಚಿ ಹೊಸದಾಗಿ ತೆರೆಯುತ್ತಾರೆ. ಹಳೆಯ ಕಂಪ್ಯೂಟರುಗಳಲ್ಲಿ ಆ ಭಾರ ಆಯಾ ಮೇಜಿನದು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಅಷ್ಟೂ ಭಾರ ಸರ್ವರಿನ ತಲೆಯ ಮೇಲೆ! ಒಬ್ಬೊಬ್ಬರೂ ಮೂರು ಮೂರು ಕಡೆ ದೀಪ ಹಚ್ಚಿಟ್ಟು ಓಡಾಡುತ್ತಿದ್ದರೆ ಯಾವ ಮೆಷಿನ್ ತಾನೇ ತಡೆದೀತು?

ಅವನು ಜನರಿಗೆ ತಕ್ಕ ಮೆಷಿನ್ ಕೊಟ್ಟಿದ್ದ. ಆ ಜನರ ತಲೆ ಎಣಿಸಿ ಹೇಳಿದವಳು ಯಾರು?

*ನಾನು. ತಲೆ ಎಣಿಸಿದೆ, ಕೈ ನೋಡಲಿಲ್ಲ.*

ಹಾಗಾದರೆ ಅವನು "ತಪ್ಪು ನಂದು" ಎಂದದ್ದು... ಅವಳು ಮಂಚದ ಮೇಲೆ ಕುಸಿದು ಕೂತಳು. ಕೋಪ, ಪ್ರೀತಿ ಎರಡೂ ಒಟ್ಟಿಗೇ ಉಕ್ಕಿ ಬಂದವು. ಯಾವುದು ಯಾವುದೆಂದು ಬೇರೆ ಮಾಡಲು ಅವಳಿಂದಾಗಲಿಲ್ಲ.

*

ಮರುದಿನ ಬೆಳಗ್ಗೆ ಹಾಲಿನ ಮೂಲೆಯಲ್ಲಿ ನಿಂತು ಕಣ್ಣಾರೆ ನೋಡಿದಳು. ಅವಳೆಣಿಸಿದ್ದು ಅಕ್ಷರಶಃ ನಿಜವಾಗಿತ್ತು. ನೇರ ಡಾಕ್ಟರಮ್ಮನ ಕೋಣೆಗೆ ಹೋದಳು.

"ತಪ್ಪು ಅವರದ್ದಲ್ಲ ಡಾಕ್ಟರಮ್ಮ. ಅವರಿಗೆ ಲೆಕ್ಕ ಕೊಟ್ಟಿದ್ದು ನಾನು, ಕೊಟ್ಟಿದ್ದು ಸಾಲ್ದು. ಮೆಷಿನ್ ಸರಿಯಾಗೇ ಇದೆ. ನಂಗೆ ಒಂದು ವಾರ ಕೊಡಿ. ಆಮೇಲೂ ನಿಂತ್ರೆ ವಿಭಾಗದ ಬೀಗದ ಕೈ ನಾನೇ ತಂದು ನಿಮಗೆ ಕೊಡ್ತೀನಿ."

ಡಾಕ್ಟರಮ್ಮ ಕನ್ನಡಕ ತೆಗೆದರು. "ನಿನ್ನೆ ಅವನು ಇಳಿದು ಹೋದೋನು ಸ್ವಲ್ಪ ಹೊತ್ತಿಗೆ ಮತ್ತೆ ನನ್ನ ಹತ್ರ ಬಂದಿದ್ದ. ಏನಂದ ಗೊತ್ತಾ? ಮೆಷಿನ್ ಎಲ್ಲಿ ಬೇಕಾದ್ರೂ ಸಿಗುತ್ತೆ, ಅವರಂಥೋರು ಸಿಗಲ್ಲ, ವಿಭಾಗ ಮಾತ್ರ ಮುಟ್ಬೇಡಿ ಅಂದ. ನಾನು ರಕ್ತ ನೋಡಿ ಕಾಯಿಲೆ ಹೇಳೋಳು ಕಣಮ್ಮ. ಅವನ ಮುಖ ನೋಡಿದ್ರೇ ಸಾಕಿತ್ತು, ಪರೀಕ್ಷೆ ಬೇಕಿರಲಿಲ್ಲ."

ಅವಳ ಕೆನ್ನೆ ಕೆಂಪಾಯಿತು. "ವಾರ ಕೊಟ್ರಾ?"

"ಕೊಟ್ಟೆ, ಹೋಗು!"

ಆ ವಾರ ಅವಳ ಕೈಗೆ ಬಿಡುವಿರಲಿಲ್ಲ. ಒಬ್ಬರಿಗೆ ಒಂದೇ ಪರದೆ, ಅದೂ ಅವರ ಹಿಂದೆಯೇ ಬರುವಂತೆ ಮಾಡಿದಳು. ಕೊರಳಲ್ಲಿ ನೇತಾಡುವ ಗುರುತಿನ ಕಾರ್ಡನ್ನು ಯಾವ ಮೇಜಿನ ಡಬ್ಬಿಗೆ ತಾಗಿಸಿದರೂ ಸಾಕು, ಹಿಂದಿನ ಮೇಜಿನಲ್ಲಿ ಬಿಟ್ಟ ಕೆಲಸ ಬಿಟ್ಟಲ್ಲಿಂದಲೇ ಇಲ್ಲಿ ತೆರೆದುಕೊಳ್ಳುತ್ತದೆ. ಕೀಲಿಮಣೆ ಮುಟ್ಟುವ ಗೋಜೇ ಇಲ್ಲ. ಕಾರ್ಡು ತಾಗುವಂತೆ ಎದೆ ಸ್ವಲ್ಪ ಬಾಗಿಸಿದರಾಯಿತು. "ಮೆಷಿನ್‌ಗೆ ನಮಸ್ಕಾರ ಹೊಡೆಸ್ತಿದಾಳೆ ಕಂಪ್ಯೂಟರಕ್ಕ," ಎಂದು ರಕ್ತ ತೆಗೆಯುವ ಅಕ್ಕಂದಿರು ನಕ್ಕರು. ಎರಡೂ ಸರ್ವರುಗಳ ಖಾಲಿ ಜಾಗದಲ್ಲಿ ಇನ್ನಷ್ಟು ಮೆಮೊರಿ ಕೂರಿಸಿದಳು. ಕೂರಿಸುವಾಗ ಅವನ ಕೊನೆಯ ಮಾತು ನೆನಪಾಗಿ ಕೈ ಒಂದು ಗಳಿಗೆ ನಿಂತಿತು.

ಕೊನೆಗೆ ಫೋನ್ ಎತ್ತಿದಳು.

"ನಾಳೆ ಏಳಕ್ಕೆ ಲ್ಯಾಬಿಗೆ ಬನ್ನಿ. ಖಾಲಿ ಹೊಟ್ಟೇಲಿ ಬರ್ಬೇಕು."

"ಯಾಕೆ? ರಕ್ತ ತೆಗೀತೀರಾ?"

"ನನಗೋಸ್ಕರ ಸುಳ್ಳು ಹೇಳಿದ್ದಕ್ಕೆ ಅಷ್ಟೂ ತೆಗೀಬೇಕು!" ಎಂದು ಫೋನ್ ಇಟ್ಟಳು.

*

ಅವನು ಬಂದ. ಈ ಸಲ ಮೇಜಿನ ಕೆಳಗಲ್ಲ, ಟೋಕನ್ ಹಿಡಿದು ಕ್ಯೂನಲ್ಲೇ ನಿಂತಿದ್ದ! ಮುಖ ಸೊರಗಿತ್ತು. ಜೇಬಿನಲ್ಲಿ ಒಂದೇ ಪೆನ್ನಿತ್ತು.

ಅವಳು ಎಂಟಾಗುವವರೆಗೆ ಕಾಯಿಸಿ, ಅವನ ಟೋಕನ್ ಕಿತ್ತುಕೊಂಡು, ಡಾಕ್ಟರಮ್ಮ ಮೊದಲೇ ಬಂದು ನಿಂತಿದ್ದ ಒಳಕೋಣೆಗೆ ಕರೆದೊಯ್ದಳು. ಗಾಜಿನಾಚೆ ಹಾಲ್ ಕಿಕ್ಕಿರಿದಿತ್ತು. ಎಂಟು ದಾಟಿತ್ತು, ಎಲ್ಲ ಮೇಜಿನಲ್ಲೂ ಕೆಲಸ ಭರದಿಂದ ನಡೆದಿತ್ತು.

"ಒಂದರ ಪ್ಲಗ್ ಕೀಳಿ," ಎಂದಳು.

"ಈಗ್ಲಾ? ಇಷ್ಟು ಜನ ಇರುವಾಗ?!"

"ಹೂಂ. ಯಾವುದು ಬೇಕಾದ್ರೂ."

"ನಿಮ್ಮ ವಿಭಾಗ..."

"ನನ್ನ ವಿಭಾಗದ ಚಿಂತೆ ನಂಗೆ ಬಿಡಿ. ಕೀಳ್ತೀರೋ, ನಾನೇ ಕೀಳ್ಲೋ?"

ಅವನು ಅವಳ ಕಣ್ಣು ನೋಡಿದ. ಅಲ್ಲಿ ಅಳುಕು ಎಂಬುದಿರಲಿಲ್ಲ. ಬಗ್ಗಿ ಎಡಗಡೆಯದರ ತಂತಿಗಳನ್ನು ಎಳೆದುಬಿಟ್ಟ.

ಹಾಲಿನ ಅರ್ಧ ಪರದೆಗಳು ಕಪ್ಪಾದವು. ಡಾಕ್ಟರಮ್ಮ ಗಾಜಿಗೆ ಮುಖ ಹಚ್ಚಿ ನೋಡಿದರು. ಕಪ್ಪಾದ ಮೇಜುಗಳಲ್ಲಿದ್ದವರು ಕೊರಳ ಕಾರ್ಡು ತಾಗಿಸಿದರು... ಒಂದೊಂದಾಗಿ ಪರದೆಗಳು ಬೆಳಗಿದವು! ಅರ್ಧ ಬರೆದಿದ್ದ ಹೆಸರನ್ನು ಕೆಲವರು ಮತ್ತೆ ಬರೆಯಬೇಕಾಯಿತು. ಅಷ್ಟೇ.

"ಏನಾಯ್ತಮ್ಮ?" ಎಂದು ಮುದುಕರೊಬ್ಬರು ಕೇಳುವುದು ಕೇಳಿಸಿತು.

"ಏನಿಲ್ಲ ತಾತ. ಕೈ ಚಾಚಿ," ಎಂದಳು ರಕ್ತ ತೆಗೆಯುವ ಅಕ್ಕ.

ಎಂಟೂವರೆಯಾಯಿತು, ಒಂಬತ್ತಾಯಿತು. ಒಂದೇ ಸರ್ವರ್ ಇಡೀ ಲ್ಯಾಬನ್ನು ಎಳೆದುಕೊಂಡು ಹೋಯಿತು. ಕ್ಯೂ ಕರಗಿತು. ಯಾರೂ ಬೈಯಲಿಲ್ಲ, ಯಾರೂ ಹೊಗಳಲೂ ಇಲ್ಲ. ಅವರ ಕೆಲಸ ಗೆದ್ದಿತು ಎನ್ನುವುದಕ್ಕೆ ಅದಕ್ಕಿಂತ ಬೇರೆ ಗುರುತು ಬೇಕಿರಲಿಲ್ಲ.

"ವಿಭಾಗ ನಿಂದೇ ಕಣಮ್ಮ," ಎಂದರು ಡಾಕ್ಟರಮ್ಮ. ಬಾಗಿಲು ಎಳೆದುಕೊಂಡು ಹೊರಡುವಾಗ, "ಉಳಿದಿದ್ದು ನೀವಿಬ್ರೂ ಬಗೆಹರಿಸ್ಕೊಳ್ಳಿ," ಎಂದು ಸೇರಿಸಿದರು.

ಅವಳು ಅವನತ್ತ ತಿರುಗಿದಳು.

"ತಪ್ಪು ನಂದು ಅಂತ ಯಾಕಂದ್ರಿ?"

"ನಿಮ್ಮ ವಿಭಾಗ ಉಳೀಲಿ ಅಂತ."

"ನನ್ನನ್ನ ಕೇಳಿದ್ರಾ? ನನ್ನ ತಪ್ಪನ್ನ ಹೊರೋ ಶಕ್ತಿ ನಂಗಿಲ್ವಾ? ನಂಗೆ ಎರಡು ಎರಡು ಅಂತ ಪಾಠ ಹೇಳಿ, ಭಾರ ಬಂದಾಗ ಒಬ್ರೇ ಹೊತ್ಕೊಂಡು ಹೋದ್ರಲ್ಲ! ನಿಮ್ಮನ್ನ ಬೈದು ಕಳ್ಸಿದೆ ನಾನು... ಎಷ್ಟು ಅತ್ತಿದೀನಿ ಗೊತ್ತಾ?"

ಅವನು ತಲೆ ತಗ್ಗಿಸಿದ. "ತಪ್ಪಾಯ್ತು. ಇದು ಮಾತ್ರ ನಿಜವಾಗ್ಲೂ ನನ್ನ ತಪ್ಪು."

"ಮತ್ತೆ ಹೀಗೆ ಮಾಡ್ತೀರಾ?"

"ಇಲ್ಲ. ಭಾರ ಏನೇ ಬಂದ್ರೂ ಅರ್ಧ ನಿಮಗೆ ಕೊಡ್ತೀನಿ." ಅವನು ತಲೆ ಎತ್ತಿದ. "ಜೀವನ ಪೂರ್ತಿ ಕೊಡೋ ಹಾಗಿದ್ರೆ... ತಗೋತೀರಾ?"

ಅವಳ ಕಣ್ಣಿಂದ ಹನಿ ಉದುರಿತು, ತುಟಿ ನಗುತ್ತಿತ್ತು. ಬ್ಯಾಗಿನಿಂದ ಆ ನೀಲಿ ಪೆನ್ನು ತೆಗೆದು ಅವನ ಮುಂದೆ ಹಿಡಿದಳು.

"ಇದು ನಿಮ್ದು. ಜೇಬಲ್ಲಿ ಒಂದೇ ಇದೆ, ನೋಡೋಕಾಗ್ತಿಲ್ಲ."

ಅವನು ಮುಟ್ಟಲಿಲ್ಲ. "ಎರಡನೇದನ್ನ ಯಾರಿಗೋ ಕೊಟ್ಬಿಟ್ಟಿದೀನಿ. ಕೊಟ್ಟಿದ್ದನ್ನ ವಾಪಸ್ ಕೇಳಲ್ಲ. ಉತ್ತರ ಹೇಳಿ."

"ಉತ್ತರ ಆಮೇಲೆ. ತಿಂಡಿ ಆಯ್ತಾ?"

"ಖಾಲಿ ಹೊಟ್ಟೇಲಿ ಬನ್ನಿ ಅಂದ್ರಲ್ಲ! ತಲೆ ಸುತ್ತುತಾ ಇದೆ."

"ನಂಗೂ ಆಗಿಲ್ಲ. ಮನೇಲಿ ಅಮ್ಮ, ಅತ್ತಿಗೆ ಕಾಯ್ತಿದಾರೆ. ಸರ್ವರ್ ಹುಡುಗನ್ನ ಕರ್ಕೊಂಡೇ ಬಾ ಅಂದಿದಾರೆ."

ಅವನು ಅರ್ಥವಾಗದವನಂತೆ ನೋಡುತ್ತ ನಿಂತ. ಮೆಷಿನ್ ವಿಷಯದಲ್ಲಿ ಅಷ್ಟು ಚುರುಕಿನವನು, ಇದರಲ್ಲಿ ಶುದ್ಧ ಪೆದ್ದ!

"ಅಂದ್ರೆ... ನಿಮ್ಮ ಉತ್ತರ..."

ಅವಳು ಪೆನ್ನನ್ನು ತನ್ನ ಬ್ಯಾಗಿಗೇ ಹಾಕಿಕೊಂಡು, ಅವನ ಕೈ ಹಿಡಿದು, ಮೊದಲ ಬಾರಿಗೆ ಬಹುವಚನ ಬಿಟ್ಟು ಹೇಳಿದಳು.

"ಬಾ."